ಸಿಂಕಿನ ಪಕ್ಕದ ಮೂರಡಿ

ನನ್ನ ಹೆಸರು ಚಿಕ್ಕತಾಯಮ್ಮ.
ಬಿಲ್ಲೆ ಮಾಡಿಸುವಾಗ ಕಂಪನಿಯವರು ಕತ್ತರಿಸಿದರು:
ತಾಯಿ ಅಂತಿದ್ದರೆ ಪೇರೆಂಟ್ಸಿಗೆ ಒಂಥರಾ ಆಗುತ್ತೆ ನೋಡಿ,
ಅಂದಳು ಸೆಂಟರ್ ಹೆಡ್ಡು, ನಗುತ್ತಲೇ. ಕೆಟ್ಟವಳಲ್ಲ.
ಉಳಿದದ್ದು ಚಿಕ್ಕಿ.
ಚಿಕ್ಕಿ ಆಂಟಿ.
ಬೆಲ್ಲ ಕಡಲೆಬೀಜದ ಹಾಗೆ
ಹದಿನಾಲ್ಕು ಬಾಯಿಗೆ ಸಿಕ್ಕಿ ಸವೆಯುತ್ತೇನೆ ದಿನಾ.

ಎಲಿಯೂರಿನಲ್ಲಿ ಬೆಳಿಗ್ಗೆ ರೈಲು.
ಶ್ರೀರಂಗಪಟ್ಟಣದಲ್ಲಿ ಹೊಳೆ ದಾಟುವಾಗ
ಕೆಲವರು ಕೈ ಮುಗಿಯುತ್ತಾರೆ, ನಾನೂ.
ಇವತ್ತು ಯಾರೂ ಯಾರನ್ನೂ ಕಚ್ಚದಿರಲಿ ತಾಯಿ,
ಅಷ್ಟೇ ನನ್ನ ಹರಕೆ.
ಮೈಸೂರಲ್ಲಿಳಿದು ಹೆಬ್ಬಾಳದ ಬಸ್ಸು ಹಿಡಿದು,
ಚಪ್ಪಲಿ ಬಿಟ್ಟು, ಬಳೆ ಬಿಚ್ಚಿಟ್ಟು, ಮೊಣಕೈವರೆಗೆ ತೊಳೆದು
ಒಳಗೆ ಹೋದರೆ
ನಾನು ಬಟರ್‌ಫ್ಲೈ ರೂಮಿನವಳು.

ಅಲ್ಲಿ ಎಲ್ಲಕ್ಕೂ ಫೋನಿನಲ್ಲಿ ಒಂದೊಂದು ಗುಂಡಿ.
ಕುಡಿದದ್ದೆಷ್ಟು ಮಿಲಿ, ಹೇತದ್ದು ಗಟ್ಟಿಯೋ ನೀರೋ,
ಮಲಗಿದ್ದು ಎಷ್ಟೊತ್ತು.
ಒತ್ತಿದರೆ ಎಲ್ಲೋ ಮೀಟಿಂಗಿನಲ್ಲಿ ಕೂತ ತಾಯಿಯ
ತೊಡೆ ಮೇಲೆ ಬೆಳಕಾಗುತ್ತೆ.
ಸೂರಿನಲ್ಲಿ ಕ್ಯಾಮೆರಾ. ಮಾತು ಕೇಳಿಸದು, ಚಿತ್ರ ಮಾತ್ರ.
ಮಗು ಅತ್ತು ನಿಮಿಷವಾಗಿರಲ್ಲ, ಆಫೀಸಿನ ಫೋನು ಬಡಕೊಳ್ಳುತ್ತೆ.
ಮುತ್ತು ಕೊಡಬಾರದು. ಕಂಕುಳಲ್ಲಿ ಎತ್ತಬಾರದು,
ಬೆನ್ನು ಸೊಟ್ಟಗಾಗುತ್ತಂತೆ.
ನನ್ನ ಇಬ್ಬರು ಮಕ್ಕಳು, ಅದಕ್ಕೂ ಮುಂಚೆ ಮೂವರು ತಮ್ಮಂದಿರು
ಇದೇ ಕಂಕುಳಲ್ಲಿ ಬೆಳೆದರು. ನೆಟ್ಟಗೇ ಇದ್ದಾರೆ.
ಆಡುವ ಮಾತೆಲ್ಲ ಇಂಗ್ಲಿಷಿನಲ್ಲಿ:
ಸಿಟ್, ಶೇರ್, ನೋ ಬೈಟಿಂಗ್, ಗುಡ್ ಜಾಬ್.
ಕಲಿತೆ.
ಆದರೆ ನಿದ್ದೆ ಇಂಗ್ಲಿಷಿನಲ್ಲಿ ಬರಲ್ಲ, ನಾನೇನು ಮಾಡಲಿ.

ಸಿಂಕಿನ ಪಕ್ಕ, ಟವೆಲ್ಲಿನ ಬೀರುವಿನ ಮರೆಗೆ
ಮೂರಡಿ ಜಾಗದ ಮೇಲೆ ಕ್ಯಾಮೆರಾ ಕಣ್ಣು ಬೀಳುವುದಿಲ್ಲ.
ನಮಗೆಲ್ಲ ಗೊತ್ತು. ಆಡಿಕೊಳ್ಳುವುದಿಲ್ಲ.
ಸುಕನ್ಯಾ ಅಲ್ಲಿ ನಿಂತೇ ಚಿತ್ರಾನ್ನ ತಿನ್ನುತ್ತಾಳೆ.
ನಾನು ರೇಯಾಂಶನನ್ನು ಕಂಕುಳಿಗೇರಿಸುತ್ತೇನೆ.
ಆ ಹೆಸರು ನಾಲಗೆಗೆ ಹತ್ತಲು ನಾಲ್ಕು ದಿನ ಹಿಡಿದಿತ್ತು.
ಯಾಕ್ಲಾ, ಏನ್ಲಾ ಆಯ್ತು, ಸುಮ್ಕಿರ್ಲಾ ನನ್ ದೊರೆ,
ಕಾಗೆ ಬತ್ತದೆ, ಗುಬ್ಬಿ ಬತ್ತದೆ, ನಿನ್ ಚಡ್ಡಿ ತತ್ತದೆ.
ಏನೇನೋ.
ಹೆಗಲ ಮೇಲೆ ಜೊಲ್ಲು ಸುರಿಸುತ್ತ ಭಾರವಾಗುತ್ತಾನೆ.
ಗುಂಡಿ ಒತ್ತುತ್ತೇನೆ: ಹನ್ನೆರಡೂ ನಲವತ್ತು, ಸ್ಲೆಪ್ಟ್ ವೆಲ್.

ಸೋಮವಾರ ಸಂಜೆ ಅವರಮ್ಮ ಬಂದಳು,
ಹೆಗಲಲ್ಲಿ ಲ್ಯಾಪ್‌ಟಾಪು, ಕಣ್ಣಡಿ ಕಪ್ಪು.
ಆಂಟಿ, ನಿನ್ನೆ ಇವನು ನಮ್ಮ ಮಾವನವರಿಗೆ
ಬಾರ್ಲಾ ಇಲ್ಲಿ ಅಂದ.
ನಾನು ನೆಲಹಾಸಿನ ಎ ಬಿ ಸಿ ನೋಡುತ್ತ ನಿಂತೆ.
ಸಿ ಮೇಲೆ ನನ್ನ ಹೆಬ್ಬೆರಳು.
ನಗು ಕೇಳಿಸಿತು. ತಲೆ ಎತ್ತಿದರೆ ಆಕೆ
ಗೋಡೆ ಹಿಡಿದುಕೊಂಡು ನಗುತ್ತಿದ್ದಾಳೆ, ಕಣ್ಣಲ್ಲಿ ನೀರು.
ನಮ್ಮಜ್ಜಿ ಕೀಲಾರದವರು, ನನ್ನ ಹಂಗೇ ಕೂಗೋರು,
ಹೆಣ್ಣಾದರೂ ಲಾ ಅಂತಲೇ.
ಮತ್ತೇನೋ ಹೇಳಲು ಬಾಯಿ ತೆರೆದಳು.
ಹೊರಗೆ ಕಾರು ಹಾರನ್ ಹೊಡೆಯಿತು.

ಮಾರನೆ ಬೆಳಿಗ್ಗೆ ಆಪಿನಲ್ಲಿ ಅವಳದೇ ಸಂದೇಶ:
ಮಗುವಿನ ಜೊತೆ ದಯವಿಟ್ಟು ಇಂಗ್ಲಿಷನ್ನೇ ಬಳಸಿ.
ಕೊನೆಗೊಂದು ಹಳದಿ ನಗುಮುಖ.
ಎರಡೂ ಅವಳೇ.
ನಾನು ಎರಡನ್ನೂ ನಂಬಿದೆ.

ಅವನೊಬ್ಬನ ಫೀಸು ನನ್ನೊಬ್ಬಳ ಸಂಬಳ.
ಉಳಿದ ಹದಿಮೂರು ಎಲ್ಲಿಗೆ ಹೋಗುತ್ತವೋ ಕೇಳಿಲ್ಲ.

ಸಂಜೆ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು.
ತೊಡೆ ಮೇಲೆ ಬುತ್ತಿಬ್ಯಾಗು.
ನಾಗನಹಳ್ಳಿ ದಾಟಿರಬೇಕು, ಎದುರಿನ ಹೆಂಗಸು,
ಕಾಲ ಬುಡದಲ್ಲಿ ಖಾಲಿ ಹೂಬುಟ್ಟಿ, ನನ್ನನ್ನೇ ನೋಡುತ್ತಿದ್ದವಳು
ಮನೀಕತಾ ಅದು? ಅಂದಳು.
ನೋಡಿದರೆ ನನ್ನ ಕೈ
ಬ್ಯಾಗನ್ನು ತಟ್ಟುತ್ತಿದೆ, ಮೆಲ್ಲಗೆ,
ಯಾವಾಗಿನಿಂದಲೋ.
ಈಗ್ತಾನೆ ಕನಕ್ಕ ಅಂದೆ,
ಮೆತ್ತಗೆ ಮಾತಾಡು.